ಮೊದಲು ಕೂರಿಸಿದೆ, ಆಮೇಲೆ ನಿಲ್ಲಿಸಿದೆ

ಈ ಸಲ ನಮ್ಮ ಬಿ.ಕಾಂ. ಎರಡನೇ ವರ್ಷದಲ್ಲಿ 42 ಮಕ್ಕಳು. ಅವರಲ್ಲಿ ಮೂವತ್ತರ ಮೇಲೆ ಮಂದಿ ಚೀಟಿ ಹಿಡಿಯದೆ ಮೂರು ನಿಮಿಷ ನಿಂತು ಮಾತಾಡಿದರು. ನಾನು ಭಾಷಣ ಕಲಿಸುವ ರೀತಿ ನೋಡಿ ‘ಮೇಡಂ, ಇದು ನಿಮ್ಮೂರಿನ ಯಕ್ಷಗಾನದ ಹುಚ್ಚು’ ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೇ ಮೊನ್ನೆ ಬಂದು, ನಮ್ಮ ಕ್ಲಾಸಿಗೂ ಒಂದು ಪಿರಿಯಡ್ ಮಾಡಿಕೊಡಿ ಅಂದರು. ಅದಕ್ಕೇ ಬರೆಯುವ ಧೈರ್ಯ ಬಂತು.

ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ ವರ್ಷ ಎಲ್ಲರಂತೆ ವಿಷಯ ಕೊಟ್ಟು, ವಾರ ಬಿಟ್ಟು ವೇದಿಕೆ ಹತ್ತಿಸಿದೆ. ‘ಮೊಬೈಲ್ ವರವೋ ಶಾಪವೋ’. ಹತ್ತು ಹನ್ನೆರಡು ಮಂದಿ ಒಂದೇ ಭಾಷಣ ಒಪ್ಪಿಸಿದರು, ಗೂಗಲ್‌ನದ್ದು. ಒಬ್ಬಳು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದವಳು, ಆಸೀನರಾದವರು ಯಾರೂ ಇಲ್ಲದ್ದು ಕಂಡು ಅಲ್ಲೇ ನಿಂತುಬಿಟ್ಟಳು. ಆಮೇಲೆ ಸ್ವಂತ ದುಡ್ಡಿನಲ್ಲಿ ಮೈಕ್, ಸ್ಪೀಕರ್ ತಂದೆ, ಹೆಚ್ಚುಕಡಿಮೆ 8,000. ತಮ್ಮ ದನಿಯೇ ದೊಡ್ಡದಾಗಿ ಕಿವಿಗೆ ಬಿದ್ದು ಮಕ್ಕಳು ಇನ್ನಷ್ಟು ಹೆದರಿದರು. ಈಗ ಅದು ಶಾರದಾ ಪೂಜೆಗೆ ಹೊರಗೆ ಬರುತ್ತದೆ, ಅಷ್ಟೇ.

ಮರುವರ್ಷ ಹೊರಗಿನಿಂದ ಒಬ್ಬ ಟ್ರೈನರ್. ಎರಡು ದಿನಕ್ಕೆ 12,000. ಮಕ್ಕಳಿಂದ ತಲೆಗೆ ಇನ್ನೂರು ಎತ್ತಿ, ಕಡಿಮೆ ಬಿದ್ದದ್ದನ್ನು ನಾನೇ ಕೊಟ್ಟೆ. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು, ಎಲ್ಲ ಸ್ಲೈಡಿನಲ್ಲಿತ್ತು. ಮೂರನೇ ದಿನ ನೋಡಿದರೆ ಎಲ್ಲರ ಕೈಯೂ ಸರಿಯಾದ ಜಾಗದಲ್ಲಿತ್ತು, ಬಾಯಿಂದ ಮಾತು ಮಾತ್ರ ಬರಲಿಲ್ಲ. ಅದೇ ವರ್ಷ ಫೋನಿನಲ್ಲಿ ವಿಡಿಯೊ ಮಾಡಿ ತೋರಿಸಲು ಹೋದೆ. ಒಬ್ಬಳ ತಡವರಿಕೆ ಯಾರದೋ ಸ್ಟೇಟಸ್ ಸೇರಿ, ಅವಳಪ್ಪ ಕಾಲೇಜಿಗೇ ಬಂದರು. ಬೈಸಿಕೊಂಡೆ, ತಪ್ಪು ನನ್ನದೇ. ಅಂದಿನಿಂದ ಈ ಪಿರಿಯಡ್ಡಿಗೆ ಫೋನ್ ಒಳಗೆ ಬರುವಂತಿಲ್ಲ.

ದಾರಿ ಕಂಡದ್ದು ಊರ ದೇವಸ್ಥಾನದ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲೇ ನಡೆಯುವ ಯಕ್ಷಗಾನದಲ್ಲಿ. ಸಹಕಾರ ಸಂಘದ ಸಭೆಯಲ್ಲಿ ವಂದನಾರ್ಪಣೆಗೆ ಕರೆದರೆ ಬೆವರುವ ನಮ್ಮ ಸೋದರಮಾವ ಅಂದು ಕೌರವನಾಗಿ ಮುಕ್ಕಾಲು ಗಂಟೆ ಅರ್ಥ ಹೇಳಿದರು, ಅಂದರೆ ಪಾತ್ರದ ಮಾತನ್ನು ತಾವೇ ಕಟ್ಟಿ ಆಡಿದರು. ಎದುರಿಗೆ ಕೃಷ್ಣ ಐದು ಗ್ರಾಮ ಕೇಳುತ್ತಿದ್ದ, ಮಾವ ಕೊಡುವುದಿಲ್ಲ ಅನ್ನುತ್ತಿದ್ದರು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ಕ್ಯಾಸೆಟ್ ಕೇಳುತ್ತ ಬೆಳೆದ ಮನೆ ನಮ್ಮದು. ಆದರೂ ಈ ಅರ್ಥಧಾರಿಗಳೆಲ್ಲ ಕೂತೇ ಮಾತಾಡುತ್ತಾರೆ, ಅವರಿಗೆ ಉತ್ತರ ಕೊಡಲೇಬೇಕಾದ ಎದುರಾಳಿ ಇರುತ್ತಾನೆ ಎಂಬುದು ಅಂದೇ ತಲೆಗೆ ಹೋದದ್ದು. ಮಾತು ಬಾರದವರನ್ನು ಒಂಟಿಯಾಗಿ ನಿಲ್ಲಿಸುತ್ತಿದ್ದೆನಲ್ಲ!

ಮರುವಾರವೇ ಎರಡು ಕುರ್ಚಿ ಎದುರುಬದುರು ಹಾಕಿದೆ. ವಾಲಿ, ರಾಮರಿಂದ ಶುರು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದ್ಯಾವ ಧರ್ಮ? ಕತೆ ಗೊತ್ತಿದ್ದವರು ಅರ್ಧ ಕ್ಲಾಸೂ ಇಲ್ಲ, ಕೈಬಿಟ್ಟೆ. ಬದಲಿಗೆ ಸ್ಟಾಪಿನಲ್ಲಿ ಬಸ್ ನಿಲ್ಲಿಸದ ಕಂಡಕ್ಟರ್ ಒಂದು ಕುರ್ಚಿಯಲ್ಲಿ, ಹಾಜರಿ ಕಳಕೊಂಡ ವಿದ್ಯಾರ್ಥಿನಿ ಇನ್ನೊಂದರಲ್ಲಿ. ಅಬ್ಬ, ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ. ಅಡಿಕೆ ಬೆಳೆಗಾರ ಮತ್ತು ವ್ಯಾಪಾರಿಯ ಜೋಡಿಯೂ ಚೆನ್ನಾಗಿ ಓಡಿತು. ಮಾತು ಕನ್ನಡದಲ್ಲೇ, ಅವರವರ ಮನೆಯ ಕನ್ನಡದಲ್ಲಿ.

ಮೂರು ನಾಲ್ಕು ವಾರ ಕೂತೇ. ಆಮೇಲೆ ಒಬ್ಬರ ಕುರ್ಚಿ ತೆಗೆದೆ. ಆಮೇಲೆ ಎದುರಾಳಿಯನ್ನು ಹಿಂದಿನ ಬೆಂಚಿಗೆ ಕಳಿಸಿದೆ, ಅಲ್ಲಿಂದಲೇ ಕೇಳಬೇಕು. ದನಿ ತಾನಾಗಿ ಏರಿತು, ಮೈಕ್ ಬೇಕಾಗಲಿಲ್ಲ. ಕೊನೆಗೆ ಎದುರಾಳಿಗೆ ಸುಮ್ಮನಿರಲು ಹೇಳಿದೆ. ನಿಂತವರು ಮಾತು ನಿಲ್ಲಿಸಲಿಲ್ಲ. ಅದೇ ಭಾಷಣ. ಜೋಡಿ ಹೇಗೆ ಕಟ್ಟುತ್ತೇನೆ ಅಂತ ಕೇಳಬೇಡಿ, ಅದು ನನ್ನ ಬಳಿಯೇ ಇರಲಿ. ಹಾಜರಿ ಪುಸ್ತಕದ ಕ್ರಮದಲ್ಲಿ ಕಟ್ಟಿದರೆ ಕೆಡುತ್ತದೆ, ಇಷ್ಟು ಹೇಳಬಲ್ಲೆ.

ನಡುವೆ ಒಂದು ತರಲೆ ಪ್ರಯೋಗ. ಭಾಷಣ ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ‘ಆ… ಆ…’ ಎಣಿಸಲೆಂದೇ ಒಬ್ಬರಿರುತ್ತಾರಲ್ಲ, ಆ ಥರ ನಾನು ‘ಆಮೇಲೆ’, ‘ಅದೇನಂದ್ರೆ’ಗಳಿಗೆ ಒಂದೊಂದು ಹುಣಸೆ ಬೀಜ ಟಿನ್ನಿಗೆ ಹಾಕಿಸಿದೆ. ಟಣ್ ಅಂದ ಕೂಡಲೇ ಮಾತಾಡುವವರ ಬಾಯಿ ಕಟ್ಟಿತು. ಟಿನ್ನಿನ ಬದಲು ಬಟ್ಟೆಚೀಲ ತಂದು, ಎಣಿಕೆಯನ್ನು ಮಾತು ಮುಗಿದ ಮೇಲೆ ಹೇಳಿಸಿದೆ. ಒಬ್ಬ ಹುಡುಗ ಮೂವತ್ತು ಚಿಲ್ಲರೆಯಿಂದ ಏಳಕ್ಕೋ ಎಂಟಕ್ಕೋ ಇಳಿದ. ಆ ಪಿರಿಯಡ್ಡಿನಲ್ಲಿ ನನ್ನ ಬೀಜ ಎಣಿಸಿದವಳು ಹೇಳಿದ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ.

ಈ ವರ್ಷದ ಖರ್ಚು ಮಂಡಕ್ಕಿ, ಚಹಾ ಸೇರಿ 700 ರೂಪಾಯಿ ದಾಟಿಲ್ಲ. ಕಂಡಕ್ಟರ್ ಜೊತೆ ವಾದಿಸಿದ ಹುಡುಗಿ ನನಗೂ ಹೇಳದೆ ಬಸ್ ಡಿಪೊಗೇ ಹೋಗಿ ಮಾತಾಡಿ ಬಂದಿದ್ದಾಳೆ. ಬಸ್ ಈಗ ನಿಲ್ಲುತ್ತದೆ, ಶನಿವಾರ ಒಂದು ಬಿಟ್ಟು.

ಉಳಿದ ಹತ್ತು ಮಂದಿ ಇನ್ನೂ ಕೂತೇ ಮಾತಾಡುತ್ತಾರೆ. ಅವರಲ್ಲಿ ಇಬ್ಬರ ಕುರ್ಚಿಯನ್ನು ಮುಂದಿನ ಸೆಮಿಸ್ಟರಿನಲ್ಲಿ ತೆಗೆಯಬಹುದು ಅಂದುಕೊಂಡಿದ್ದೇನೆ.