ಸ್ಟ್ರೆಚ್ ಜೀನ್ಸ್: ರೋಲಿಗೊಂದು ತುಂಡು ತೊಳೆದು ಕಟ್ ಮಾಡಿದ ಲೆಕ್ಕ

ಒಂದೇ ಪ್ಯಾಟರ್ನ್, ಒಂದೇ ಲೇ (ಒಟ್ಟಿಗೆ ಕಟ್ ಮಾಡಲು ಒಂದರ ಮೇಲೊಂದು ಹಾಸಿದ ಬಟ್ಟೆ), ಸೈಜ್ ಕೂಡ ಒಂದೇ. ಹೊಲಿದು ವಾಷಿಂಗ್‌ಗೆ ಹೋಗಿ ಬಂದ ಜೀನ್ಸ್‌ಗೆ ಟೇಪ್ ಹಿಡಿದರೆ ಸೀಟ್ ಒಂದರಲ್ಲಿ 34 ಕಾಲು ಇಂಚು, ಇನ್ನೊಂದರಲ್ಲಿ 37 ದಾಟಿತ್ತು. ಬೇಕಾಗಿದ್ದದ್ದು 36. ಲೇಡೀಸ್ ಸ್ಟ್ರೆಚ್‌ನಲ್ಲಿ ನಮ್ಮ ಮೊದಲ ಲಾಟ್ 600 ಪೀಸು, ಅದರಲ್ಲಿ 140ರಷ್ಟು ಹೀಗೆ ಅಳತೆ ತಪ್ಪಿದವು. 390 ರೂಪಾಯಿಗೆ ಹೋಗಬೇಕಾದ ಮಾಲನ್ನು ಸೆಕೆಂಡ್ಸ್ ಅಂತ 180ಕ್ಕೆ ಕೊಡಬೇಕಾಯಿತು. ಹತ್ತಿರ ಹತ್ತಿರ 30 ಸಾವಿರ ಅಲ್ಲೇ ಕರಗಿತು. ವಾಷಿಂಗ್, ಸಾಗಾಟದ ಖರ್ಚು ಇದರಲ್ಲಿ ಸೇರಿಲ್ಲ.

ಬಳ್ಳಾರಿಯಲ್ಲಿ ಇಂಥದಕ್ಕೆ ಸಿಗುವ ಸಲಹೆ ಎರಡೇ. ಹೊಲಿಯುವವನು ಎಳೆದು ಹೊಲಿದಿದ್ದಾನೆ, ಅವನನ್ನು ಬದಲಿಸಿ ಅನ್ನೋದು ಒಂದು. ವಾಷಿಂಗ್‌ನವನು ಜಾಸ್ತಿ ಕಾಯಿಸಿದ್ದಾನೆ, ಬೇರೆ ಕಡೆ ಕೊಡಿ ಅನ್ನೋದು ಇನ್ನೊಂದು. ಎರಡನ್ನೂ ಮಾಡಿ ನೋಡಿದ್ದಾಯಿತು, ಎರಡನೇ ಲಾಟ್‌ನಲ್ಲೂ ಅದೇ ಕಥೆ. ಕೊನೆಗೆ ಹಿಡಿದ ದಾರಿ ಇದು: ಪ್ರತಿ ರೋಲಿನಿಂದ ತುಂಡು ತೆಗೆದು ತೊಳೆಯುವುದು, ಕುಗ್ಗಿದ ಪ್ರಮಾಣ ನೋಡಿ ರೋಲ್‌ಗಳನ್ನು ಗುಂಪು ಮಾಡುವುದು, ಗುಂಪಿಗೊಂದು ಪ್ಯಾಟರ್ನ್ ಇಡುವುದು. ದೊಡ್ಡ ಎಕ್ಸ್‌ಪೋರ್ಟ್ ಫ್ಯಾಕ್ಟರಿಗಳಲ್ಲಿ ಇದು ದಿನನಿತ್ಯದ ಕೆಲಸ. ಹನ್ನೆರಡು ಮೆಷಿನ್ ಇರುವ ಜಾಗದಲ್ಲಿ ಮಾಡುತ್ತೇವೆ ಅಂದಾಗ ಕಟಿಂಗ್ ಮಾಸ್ಟರ್‌ನಿಂದ ಹಿಡಿದು ಬಟ್ಟೆ ಏಜೆಂಟ್‌ವರೆಗೆ ಎಲ್ಲರೂ ನಕ್ಕರು. ಈಗ ಅದೇ ಏಜೆಂಟ್ ಬೇರೆಯವರಿಗೆ ನಮ್ಮ ಲೆಕ್ಕದ ಪುಸ್ತಕ ತೋರಿಸಿ ಅನ್ನುತ್ತಾನೆ. ತೋರಿಸುವುದಿಲ್ಲ, ಆದರೆ ಮುಖ್ಯವಾದದ್ದನ್ನು ಇಲ್ಲಿ ಬರೆದಿದ್ದೇನೆ.

ನಾವು ಬಳಸುವುದು 98 ಪರ್ಸೆಂಟ್ ಹತ್ತಿ, 2 ಪರ್ಸೆಂಟ್ ಸ್ಪ್ಯಾಂಡೆಕ್ಸ್ (ರಬ್ಬರ್ ಹಾಗೆ ಹಿಗ್ಗುವ ಎಳೆ) ಇರುವ ಹತ್ತೂವರೆ ಔನ್ಸ್ ಬಟ್ಟೆ. ಅಹಮದಾಬಾದ್ ಮಾಲು, ಮೀಟರಿಗೆ 190ರ ಆಸುಪಾಸು. (ಮಾರ್ಕೆಟ್‌ನಲ್ಲಿ ಎಲ್ಲವನ್ನೂ ಲೈಕ್ರಾ ಅಂತಲೇ ಕರೆಯುತ್ತಾರೆ. ಅದು ಒಂದು ಬ್ರ್ಯಾಂಡ್ ಹೆಸರು. ಬಿಲ್‌ನಲ್ಲಿ ಲೈಕ್ರಾ ಅಂತ ಬರೆದ ಮಾತ್ರಕ್ಕೆ ಒಳಗಿನ ಎಳೆ ಅದೇ ಆಗಿರಬೇಕಿಲ್ಲ.) ಈ ಬಟ್ಟೆಯ ಹಾಸಿನಲ್ಲಿ, ಅಂದರೆ ಉದ್ದದ ಎಳೆಯಲ್ಲಿ, ಬರೀ ಹತ್ತಿ. ಸ್ಪ್ಯಾಂಡೆಕ್ಸ್ ಇರುವುದು ಹೊಕ್ಕಿನಲ್ಲಿ (ಅಡ್ಡದ ಎಳೆ), ಎಳೆಯ ನಡುವೆ, ಮೇಲೆ ಹತ್ತಿ ಸುತ್ತಿಕೊಂಡು. ಮಿಲ್‌ನಲ್ಲಿ ಸ್ಟೆಂಟರ್ ಅನ್ನೋ ಕಾಯಿಸುವ ಮೆಷಿನ್‌ನಲ್ಲಿ 180–190 ಡಿಗ್ರಿಗೆ ಅರ್ಧ ನಿಮಿಷ ಹಾಯಿಸಿ ಪನ್ನವನ್ನು, ಅಂದರೆ ಬಟ್ಟೆಯ ಅಗಲವನ್ನು, ಸೆಟ್ ಮಾಡುತ್ತಾರೆ. ಅಲ್ಲಿ ಕಾವು ಕಮ್ಮಿಯಾದರೆ, ಮೆಷಿನ್ ಸ್ವಲ್ಪ ಜೋರಾಗಿ ಓಡಿದರೆ, ಎಳೆ ಅರೆಬರೆ ಸೆಟ್ ಆಗಿ ನಮ್ಮ ವಾಷಿಂಗ್‌ನಲ್ಲಿ ಉಳಿದದ್ದನ್ನು ಕುಗ್ಗಿ ತೀರಿಸುತ್ತದೆ. ಕಾವು ಹೆಚ್ಚಾದರೆ ಕುಗ್ಗುವುದಿಲ್ಲ, ಆದರೆ ಸ್ಪ್ಯಾಂಡೆಕ್ಸ್‌ನ ಕಸುವು ಹೋಗಿರುತ್ತದೆ, ಮಂಡಿ ಉಬ್ಬುತ್ತದೆ. ಒಂದೇ ಲಾಟ್ ನಂಬರಿನ ರೋಲ್‌ಗಳಲ್ಲಿ ಹೊಕ್ಕಿನ ಕುಗ್ಗುವಿಕೆ 10ರಿಂದ 17 ಪರ್ಸೆಂಟ್‌ವರೆಗೆ ನಮಗೇ ಸಿಕ್ಕಿದೆ. 13ಕ್ಕೆ ಪ್ಯಾಟರ್ನ್ ಮಾಡಿ 17ರ ರೋಲನ್ನು ಕಟ್ ಮಾಡಿದರೆ 36ರ ಸೀಟ್ 34 ಕಾಲಿಗೆ ಬರುತ್ತದೆ. ಹೊಲಿಯುವವನದು ಏನೂ ತಪ್ಪಿರಲಿಲ್ಲ.

ತುಂಡು ತೆಗೆಯುವ ಕ್ರಮ ಹೀಗೆ. ರೋಲಿನ ತುದಿಯ ಒಂದು ಮೀಟರ್ ಬಿಟ್ಟು ಮುಂದಿನ ಅರ್ಧ ಮೀಟರನ್ನು ಪೂರ್ತಿ ಪನ್ನಕ್ಕೆ ಕಟ್ ಮಾಡಬೇಕು. ಬಿಟ್ಟ ಆ ಮೀಟರ್ ವ್ಯರ್ಥವಲ್ಲ, ಬೆಲ್ಟ್ ಲೂಪಿಗೆ ಆಗುತ್ತದೆ. ಅರ್ಧ ಮೀಟರಿನಲ್ಲಿ ಎಡ, ನಡು, ಬಲ ಅಂತ 45 ಸೆಂಟಿಮೀಟರ್‌ನ ಮೂರು ಚೌಕ. ಒಂದು ರಾತ್ರಿ ಟೇಬಲ್ ಮೇಲೆ ಸುಮ್ಮನೆ ಬಿಟ್ಟು, ಬೆಳಿಗ್ಗೆ ಅಂಚಿಗೆ ಓವರ್‌ಲಾಕ್ ಹಾಕಿ, ಒಳಗೆ 35 ಸೆಂಟಿಮೀಟರ್ ಚೌಕವನ್ನು ಅಳಿಯದ ಮಾರ್ಕರ್‌ನಿಂದ ಗುರುತು ಮಾಡುತ್ತೇವೆ. ರೋಲ್ ನಂಬರನ್ನು ದಾರದಲ್ಲಿ ಹೊಲಿಯುತ್ತೇವೆ, ಯಾಕಂದರೆ ಪೆನ್ನಿನ ನಂಬರ್ ಎಂಜೈಮ್ ವಾಷ್‌ನಲ್ಲಿ ಅಳಿಸಿ ಹೋಗಿ ಒಂದು ಸಲ ಹನ್ನೊಂದು ತುಂಡು ಅನಾಥವಾಗಿದ್ದವು. ಅಂಚು ಮತ್ತು ನಡು ಎರಡನ್ನೂ ನೋಡುವುದು ಬಹಳ ಮುಖ್ಯ. ಎರಡರ ನಡುವೆ 2 ಪರ್ಸೆಂಟ್ ಮೀರಿ ವ್ಯತ್ಯಾಸ ಇದ್ದರೆ ಆ ರೋಲ್ ವಾಪಸ್, ಅದಕ್ಕೆ ಯಾವ ಪ್ಯಾಟರ್ನೂ ಹೊಂದುವುದಿಲ್ಲ.

ಇಲ್ಲಿ ನಾವು ಎಡವಿದ್ದು ಎರಡು ಸಲ. ಮೊದಲು ತುಂಡುಗಳನ್ನು ಬಕೆಟ್‌ನಲ್ಲಿ ಬಿಸಿನೀರಿಗೆ ಹಾಕಿ ಕೈಯಲ್ಲೇ ತೊಳೆದೆವು, 8 ಪರ್ಸೆಂಟ್ ಬಂತು. ಅದೇ ರೋಲಿನ ಪೀಸು ವಾಷಿಂಗ್‌ನಲ್ಲಿ 14ಕ್ಕೆ ಹೋಯಿತು. ಮೆಷಿನ್‌ನ ಹೊರಳಾಟ, ಡ್ರೈಯರ್‌ನ ಕಾವು ಇಲ್ಲದೆ ಬಟ್ಟೆ ತನ್ನ ನಿಜ ಹೇಳುವುದಿಲ್ಲ. ಎರಡನೆಯದು, ಬೇಗ ಒಣಗಲಿ ಅಂತ ಇಸ್ತ್ರಿ ಹಾಕಿ ಅಳೆದದ್ದು. ಇಸ್ತ್ರಿ ಎಳೆಯುತ್ತದೆ, ಮೂರು ಪರ್ಸೆಂಟ್ ಸುಳ್ಳು ಅಲ್ಲೇ ಸೇರಿತು. ಈಗ ವಾಷಿಂಗ್‌ನವರು ನಮ್ಮದೇ ರೆಸಿಪಿಯಲ್ಲಿ ಓಡಿಸುವ ಯಾವುದಾದರೂ ಬ್ಯಾಚಿಗೆ ತುಂಡುಗಳನ್ನು ಸೇರಿಸಿ ಕೊಡುತ್ತೇವೆ, ಡ್ರೈಯರ್‌ನಿಂದ ಬಂದಮೇಲೆ ನಾಲ್ಕು ಗಂಟೆ ಹರಡಿ ಬಿಟ್ಟು, ಕೈಯಿಂದ ಒತ್ತದೆ ಅಳೆಯುತ್ತೇವೆ.

ಲೆಕ್ಕದಲ್ಲಿ ಹಳೆ ಮಾಸ್ಟರ್‌ಗಳೂ ತಪ್ಪುತ್ತಾರೆ. 16 ಪರ್ಸೆಂಟ್ ಕುಗ್ಗುತ್ತದೆ ಅಂದರೆ 100ಕ್ಕೆ 16 ಸೇರಿಸಿ 116 ಇಡುತ್ತಾರೆ. ಆ 116 ಕುಗ್ಗಿದರೆ ಉಳಿಯುವುದು 97 ಚಿಲ್ಲರೆ. 36ರ ಸೀಟಿನಲ್ಲಿ ಅದು ಮುಕ್ಕಾಲು ಇಂಚಿಗಿಂತ ಜಾಸ್ತಿ. 100ನ್ನು 0.84ರಿಂದ ಭಾಗಿಸಬೇಕು, 119 ಬರುತ್ತದೆ. ಹತ್ತಿಯ 3 ಪರ್ಸೆಂಟ್‌ನಲ್ಲಿ ಈ ತಪ್ಪು ಕಾಣುತ್ತಿರಲಿಲ್ಲ, ಸ್ಟ್ರೆಚ್‌ನಲ್ಲಿ ಕಾಣುತ್ತದೆ.

ಗುಂಪು ಮೂರೇ: 10–12, 12–14, 14–16. ಪ್ಯಾಟರ್ನ್ 11, 13, 15ಕ್ಕೆ. 16 ಮೀರಿದ ರೋಲ್ ಬೇಡವೇ ಬೇಡ. ಹಾಸಿನ ಕಡೆ 3ರ ಸುತ್ತ ಇರುತ್ತದೆ, ಅದಕ್ಕೆ ಬೇರೆ ಗುಂಪು ಬೇಕಿಲ್ಲ. ಒಂದೊಂದು ಗುಂಪಿಗೆ ಒಂದೊಂದು ಬಣ್ಣದ ಕಾರ್ಡ್‌ಬೋರ್ಡ್, ಅದೇ ಬಣ್ಣದ ಸ್ಟಿಕ್ಕರ್ ಬಂಡಲ್ ಮೇಲೆ. ಇದನ್ನು ಸಡಿಲ ಬಿಟ್ಟರೆ ಒಂದು ಗುಂಪಿನ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಸೇರುತ್ತದೆ. ತೊಳೆಯುವ ಮುಂಚೆ ಏನೂ ಗೊತ್ತಾಗುವುದಿಲ್ಲ, ತೊಳೆದಮೇಲೆ ಕಾಲಿನ ಹೊಲಿಗೆ ಮುಂದಕ್ಕೆ ತಿರುಚಿಕೊಳ್ಳುತ್ತದೆ.

ಲೇ ಹಾಕುವಾಗ ಮಾಡಬೇಕಾದದ್ದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ರೋಲನ್ನು ಹಿಂದಿನ ದಿನವೇ ಬಿಚ್ಚಿ ಸಡಿಲವಾಗಿ ಮಡಿಸಿ 24 ಗಂಟೆ ಬಿಡಬೇಕು. ಹಾಸುವಾಗ ತುದಿ ಹಿಡಿದು ಎಳೆಯಬಾರದು. ಕಾಟನ್‌ನಲ್ಲಿ 100 ಪದರ ಹಾಕುವವರು ಇಲ್ಲಿ 45ಕ್ಕೆ ನಿಲ್ಲಿಸಿ. ಅದಕ್ಕಿಂತ ಎತ್ತರವಾದರೆ ಕಟಿಂಗ್ ಮೆಷಿನ್ ತಳ್ಳಿದ ಕಡೆ ಲೇ ವಾಲಿ ಮೇಲಿನ ಪೀಸಿಗೂ ಕೆಳಗಿನದಕ್ಕೂ ಕಾಲಿಂಚು ವ್ಯತ್ಯಾಸ ಬರುತ್ತದೆ.

ಸೂಜಿ ವಿಷಯ. ಡೆನಿಮ್ ಅಂದಕೂಡಲೇ 19, 21 ನಂಬರ್ ಹಾಕುವ ಅಭ್ಯಾಸ ಬಿಡಬೇಕು. ದಪ್ಪ, ಚೂಪು ಸೂಜಿ ಹೊಕ್ಕಿನ ನಡುವಿನ ಸ್ಪ್ಯಾಂಡೆಕ್ಸನ್ನೇ ಕತ್ತರಿಸುತ್ತದೆ. ಕತ್ತರಿಸಿದ ಎಳೆ ರಬ್ಬರ್ ಹಾಗೆ ಹಿಂದಕ್ಕೆ ಹೋಗಿ, ತೊಳೆದಮೇಲೆ ಹೊಲಿಗೆಯ ಪಕ್ಕ ಅರ್ಧ ಇಂಚಿನ ಜೋಲು ಪಟ್ಟಿ ಬಿಡುತ್ತದೆ. ನಾವು 14, ದಪ್ಪ ಕೂಡುವ ಕಡೆ 16, ತುದಿ ಸ್ವಲ್ಪ ಉರುಟಾದ ಬಾಲ್ ಪಾಯಿಂಟ್. ಪ್ರತಿ ಶಿಫ್ಟಿಗೆ ಸೂಜಿ ಬದಲು. ಸೂಜಿ ಖರ್ಚು ಪೀಸಿಗೆ ಪೈಸೆ ಲೆಕ್ಕದಲ್ಲಿ ಬರುತ್ತದೆ, ಅದರಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಸೀಟ್ ಹೊಲಿಗೆ ಚೈನ್ ಸ್ಟಿಚ್ ಆಗಲೇಬೇಕು. ಲಾಕ್ ಸ್ಟಿಚ್ ಹಾಕಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ, ಕುಳಿತಾಗ ಪಟ್ ಅನ್ನುತ್ತದೆ. ಇಂಚಿಗೆ 9–10 ಹೊಲಿಗೆ. ಒಳಗೆ ಬಿಡುವ ಬಟ್ಟೆ ಅರ್ಧ ಇಂಚಿಗೆ ಕಮ್ಮಿ ಬೇಡ, ಇಲ್ಲದಿದ್ದರೆ ಸ್ಪ್ಯಾಂಡೆಕ್ಸ್ ಹೊಲಿಗೆಯ ಹಿಡಿತದಿಂದಲೇ ಜಾರಿ ಒಳಗೆ ಹೋಗುತ್ತದೆ.

ಬೆಲ್ಟನ್ನು (ಜೀನ್ಸ್‌ನ ಸೊಂಟದ ಪಟ್ಟಿ) ಹಾಸಿನ ಉದ್ದಕ್ಕೆ ಕಟ್ ಮಾಡಿದರೆ ಅದು ಹಿಗ್ಗುವುದಿಲ್ಲ, ಹಿಂದೆ ಸೊಂಟದಲ್ಲಿ ಬಾಯಿ ಬಿಡುತ್ತದೆ. ಅಡ್ಡಕ್ಕೆ ಕಟ್ ಮಾಡಿದರೆ ಎರಡು ತಿಂಗಳಲ್ಲಿ ಜೋಲುತ್ತದೆ. ನಾವು ಅಡ್ಡಕ್ಕೇ ಕಟ್ ಮಾಡಿ ಒಳಗೆ ಒಂದು ಪಟ್ಟಿ ಇಡುತ್ತೇವೆ. ಪಟ್ಟಿ ಯಾವುದು, ಎಷ್ಟು ಗಿಡ್ಡ ಅನ್ನೋದನ್ನು ಕೇಳಬೇಡಿ. ಮುಂದಿನ ಜೇಬಿನ ಬಾಯಿಗೆ ಕಾಲಿಂಚಿನ ಕಾಟನ್ ಟೇಪ್ ಮಾತ್ರ ಗುಟ್ಟಲ್ಲ, ಎಲ್ಲರೂ ಹಾಕಿ. ಅಲೆ ಅಲೆಯಾಗುವುದು ನಿಲ್ಲುತ್ತದೆ.

ವಾಷಿಂಗ್‌ನವರ ಹತ್ತಿರ ಜಗಳ ಆಡಬೇಕಾದದ್ದು ಒಂದೇ ವಿಷಯಕ್ಕೆ: ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಕ್ಲೋರಿನ್ ಬ್ಲೀಚ್ ಸ್ಪ್ಯಾಂಡೆಕ್ಸನ್ನು ತಿನ್ನುತ್ತದೆ, ಆ ಹೊತ್ತಿಗೆ ಕಾಣುವುದಿಲ್ಲ. ಪೀಸು ಚೆನ್ನಾಗಿಯೇ ಬರುತ್ತದೆ, ಅಂಗಡಿಯಿಂದ ತಿಂಗಳಲ್ಲಿ ಮಂಡಿ ಉಬ್ಬಿ ವಾಪಸ್ ಬರುತ್ತದೆ. ತಿಳಿ ಬಣ್ಣ ಬೇಕಾದ ಕಡೆ ತೊಡೆಗೆ ಪಿಪಿ (ಪೊಟ್ಯಾಸಿಯಂ ಪರ್ಮಾಂಗನೇಟ್) ಸ್ಪ್ರೇ, ಅದೂ ತೆಳುವಾಗಿ, ಕೂಡಲೇ ಮೆಟಾಬೈಸಲ್ಫೈಟ್‌ನಲ್ಲಿ ಚೆನ್ನಾಗಿ ನ್ಯೂಟ್ರಲ್. ಕಲ್ಲು ಹಾಕಿ ತೊಳೆಯುವುದು ಬೇಡ, ಅದು ಮೇಲಿನ ಹತ್ತಿಯನ್ನು ಸವೆಸಿ ಒಳಗಿನ ಎಳೆಯನ್ನು ಬರಿದು ಮಾಡುತ್ತದೆ. ಡಿಸೈಜ್ (ಬಟ್ಟೆಯ ಗಂಜಿ ತೆಗೆಯುವುದು) 60 ಡಿಗ್ರಿ ಒಳಗೆ 20 ನಿಮಿಷ, ಎಂಜೈಮ್ 45–50ರಲ್ಲಿ ಅರ್ಧ ಗಂಟೆ ಸಾಕು. ಡ್ರೈಯರ್ 70 ದಾಟಬಾರದು, ಬೆಲ್ಟಿನಲ್ಲಿ ಸ್ವಲ್ಪ ತೇವ ಇರುವಾಗಲೇ ಕಾವು ನಿಲ್ಲಿಸಿ ತಣ್ಣನೆ ಗಾಳಿಯಲ್ಲಿ ತಿರುಗಿಸಬೇಕು. ರೆಸಿನ್ ಹಾಕಿ 150 ಡಿಗ್ರಿ ಓವನ್‌ನಲ್ಲಿ ಇಡುವ ವಿಸ್ಕರ್ಸ್ (ತೊಡೆಯ ಮೇಲೆ ಮಡಿಕೆಯಂಥ ಗೆರೆ) ಕೆಲಸವನ್ನು ಸ್ಟ್ರೆಚ್‌ನಲ್ಲಿ 20 ಪೀಸಿಗೆ ಮಾಡಿ ನೋಡಿದೆವು. ನೋಡೋಕೆ ಚಂದ, ಕಸುವು ಅರ್ಧ ಇಲ್ಲ. ಸಿಲಿಕೋನ್ ಸಾಫ್ಟ್‌ನರ್ ಇನ್ನೊಂದು ಮೋಹ. ಮಾಮೂಲಿಯ ದುಪ್ಪಟ್ಟು ಹಾಕಿಸಿದ ಬ್ಯಾಚಿನಲ್ಲಿ ಬಟ್ಟೆ ಬೆಣ್ಣೆಯಂತಾಯಿತು, ಪಕ್ಕದ ಹೊಲಿಗೆಯಲ್ಲಿ ಎಳೆ ಜಾರುವುದೂ ಹೆಚ್ಚಾಯಿತು. ನಾವು ಈಗ ಹಾಕಿಸುವ ಅಳತೆ ವಾಷಿಂಗ್‌ನವನಿಗೂ ನಮಗೂ ಮಾತ್ರ ಗೊತ್ತು.

ಬಟ್ಟೆ ಕೊಳ್ಳುವ ಮುಂಚೆಯೇ ಕಸುವು ನೋಡಲು ಲ್ಯಾಬ್ ಬೇಕಾಗಿಲ್ಲ. ತೊಳೆದ ತುಂಡಿನಿಂದ ಅಡ್ಡಕ್ಕೆ 5 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಅದರ ಮೇಲೆ 25 ಸೆಂಟಿಮೀಟರ್ ಗುರುತು ಮಾಡಿ, ಒಂದೂವರೆ ಕಿಲೋ ತೂಕದ ಕಲ್ಲು ಕಟ್ಟಿ ಅರ್ಧ ಗಂಟೆ ನೇತುಹಾಕಿ. ಇಳಿಸಿ ಒಂದು ಗಂಟೆ ಬಿಟ್ಟು ಅಳೆದಾಗ 25 ಮುಕ್ಕಾಲರ ಒಳಗೆ ಇದ್ದರೆ ತೆಗೆದುಕೊಳ್ಳಿ. 26 ಕಾಲು ದಾಟಿದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಮೀಟರಿಗೆ 25 ರೂಪಾಯಿ ಕಮ್ಮಿಗೆ ಬಂದ ಒಂದು ಮಾಲು ಇದರಲ್ಲಿ 27 ತೋರಿಸಿತ್ತು. ಹೊಕ್ಕಿನ ಎಳೆ ಬಿಚ್ಚಿ ತಿರುವು ತೆಗೆದರೆ ನಡುವೆ ಬೆಳ್ಳಗೆ ಹೊಳೆಯುವ, ಎಳೆದರೆ ನಾಲ್ಕೈದು ಪಟ್ಟು ಹಿಗ್ಗುವ ಎಳೆ ಸಿಗಬೇಕಿತ್ತು. ಸಿಕ್ಕಿದ್ದು ಸುರುಳಿ ಸುರುಳಿ ಪಾಲಿಯೆಸ್ಟರ್, ಅರ್ಧಕ್ಕರ್ಧ ಹಿಗ್ಗಿ ನಿಂತಿತು.

ಖರ್ಚಿನ ಲೆಕ್ಕ: 900 ಪೀಸಿನ ಲಾಟ್‌ಗೆ ಹತ್ತು ಹನ್ನೊಂದು ರೋಲ್. ಪರೀಕ್ಷೆಗೆ ಹೋಗುವ ಬಟ್ಟೆ ಸಾವಿರ ರೂಪಾಯಿ ಚಿಲ್ಲರೆ, ತೊಳೆಸಲು ಮುನ್ನೂರು, ಹೆಚ್ಚಿನ ಪ್ಯಾಟರ್ನ್ ಎರಡು ಸಾವಿರ. ಎಲ್ಲ ಸೇರಿ ಮೂರೂವರೆ ಸಾವಿರದ ಒಳಗೆ, ಪೀಸಿಗೆ 4 ರೂಪಾಯಿ. ಜೊತೆಗೆ ಎರಡು ದಿನ ತಡ. ಕಳೆದ ಮೂರು ಲಾಟ್‌ಗಳಲ್ಲಿ ಅಳತೆ ತಪ್ಪಿದ್ದು ಲಾಟಿಗೆ 15ರಿಂದ 20 ಪೀಸು, ಅದರಲ್ಲಿ ಅರ್ಧ ನಿಜವಾಗಿಯೂ ಹೊಲಿಗೆಯದೇ ತಪ್ಪು.

ಅಂಗಡಿಯವರಿಗೆ ಪ್ರತಿ ಬಾಕ್ಸಿನಲ್ಲಿ ಒಂದು ಚೀಟಿ ಹಾಕುತ್ತೇವೆ: ತಣ್ಣೀರಲ್ಲಿ ಉಲ್ಟಾ ಮಾಡಿ ತೊಳೆಯಿರಿ, ಬ್ಲೀಚಿಂಗ್ ಪೌಡರ್ ಬೇಡ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಬೇಕಾದರೆ ಹದ ಬಿಸಿ. ಡಿಸ್‌ಪ್ಲೇಗೆ ಬೊಂಬೆಗೆ ಹಾಕಿದ ಪೀಸನ್ನು ತಿಂಗಳುಗಟ್ಟಲೆ ಬಿಡಬೇಡಿ, ಹದಿನೈದು ದಿನಕ್ಕೆ ಬದಲಿಸಿ ಅಂತಲೂ ಬರೆದಿದೆ. ಗಾಜಿನ ಹಿಂದೆ ಬಿಸಿಲಲ್ಲಿ ಬಿಗಿಯಾಗಿ ನಿಂತ ಪೀಸುಗಳೇ ಈಗ ನಮಗೆ ಬರುವ ವಾಪಸ್‌ನಲ್ಲಿ ಹೆಚ್ಚು.