ಕೈ ತೋರಿಸಿದರೆ ನಿಲ್ಲುವ ರೈಲು: ಹತ್ತುವುದು ಹೇಗೆ, ಇಳಿಯುವುದು ಹೇಗೆ?

ನಮ್ಮ ಕೆಂಪು ಬಸ್ಸುಗಳ ‘ಕೋರಿಕೆ ನಿಲುಗಡೆ’ ಎಲ್ಲರಿಗೂ ಗೊತ್ತು. ಹತ್ತುವವರು ಕೈ ಅಡ್ಡ ಹಿಡಿಯಬೇಕು, ಇಳಿಯುವವರು ಕಂಡಕ್ಟರಿಗೆ ಮೊದಲೇ ಹೇಳಬೇಕು. ಎರಡೂ ಇಲ್ಲದಿದ್ದರೆ ಬಸ್ಸು ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ರೈಲಿಗೂ ಇದೇ ಪದ್ಧತಿ ಇದೆ. ಸ್ಕಾಟ್ಲೆಂಡಿನ ಉತ್ತರದ ತುದಿ, ವೇಲ್ಸಿನ ಗುಡ್ಡಗಾಡು, ಕಾರ್ನ್‌ವಾಲ್‌ನ ಕಣಿವೆಗಳು, ಹೀಗೆ ನೂರಕ್ಕೂ ಹೆಚ್ಚು ಸಣ್ಣ ಸ್ಟೇಷನ್‌ಗಳಲ್ಲಿ ರೈಲು ಕೇಳಿದರೆ ಮಾತ್ರ ನಿಲ್ಲುತ್ತದೆ.

ಮಕ್ಕಳ ಮನೆಗೆಂದು ಹೋಗಿ ಅಲ್ಲಿಂದ ಸುತ್ತಾಟಕ್ಕೆ ಹೊರಡುವ ಕನ್ನಡಿಗರು ಎಡವುವುದು ಇಲ್ಲೇ. ನಮ್ಮಲ್ಲಿ ಎಷ್ಟೇ ಸಣ್ಣ ಹಾಲ್ಟ್ ಆಗಲಿ, ಕಮಿಷನ್ ಏಜೆಂಟ್ ಟಿಕೆಟ್ ಕೊಡುವ ತಗಡಿನ ಗೂಡೇ ಆಗಲಿ, ವೇಳಾಪಟ್ಟಿಯಲ್ಲಿ ನಿಲುಗಡೆ ಇದ್ದರೆ ಪ್ಯಾಸೆಂಜರ್ ರೈಲು ನಿಂತೇ ಹೋಗುತ್ತದೆ. ಆ ರೂಢಿಯಲ್ಲಿ ಅಲ್ಲಿಯ ಬೆಂಚಿನ ಮೇಲೆ ಸುಮ್ಮನೆ ಕೂತರೆ ರೈಲು ಕಣ್ಣೆದುರೇ ದಾಟಿಹೋಗುತ್ತದೆ. ಮುಂದಿನದು ನಾಲ್ಕು ಗಂಟೆಯ ನಂತರ, ಇಲ್ಲವೇ ಮರುದಿನ ಬೆಳಿಗ್ಗೆ.

ಇನ್ವರ್ನೆಸ್‌ನಿಂದ ಥರ್ಸೊ ಮತ್ತು ವಿಕ್‌ಗೆ ಹೋಗುವ ‘ಫಾರ್ ನಾರ್ತ್ ಲೈನ್’ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ಕು ಗಂಟೆಗೂ ಮೀರಿದ ಈ ದಾರಿಯ ಬಹುಭಾಗ ಸಿಂಗಲ್ ಲೈನ್. ಸಾಮಾನ್ಯ ದಿನಗಳಲ್ಲಿ ಉದ್ದಕ್ಕೂ ಓಡುವುದು ಒಂದೊಂದು ದಿಕ್ಕಿಗೆ ನಾಲ್ಕೇ ರೈಲು, ಭಾನುವಾರ ಇನ್ನೂ ಕಡಿಮೆ. ಕಲ್ರೇನ್, ಇನ್ವರ್‌ಶಿನ್, ರೋಗರ್ಟ್, ಕಿಲ್ಡೋನನ್, ಕಿನ್‌ಬ್ರೇಸ್, ಸ್ಕಾಟ್ಸ್‌ಕಾಲ್ಡರ್ ಇವೆಲ್ಲ ಕೋರಿಕೆಯ ನಿಲುಗಡೆಗಳು.

ಮೊದಲು ವೇಳಾಪಟ್ಟಿ

ವೇಳಾಪಟ್ಟಿಯಲ್ಲಿ ಸಮಯದ ಪಕ್ಕ ಸಣ್ಣ ‘ಎಕ್ಸ್’ ಗುರುತು ಇದ್ದರೆ ಅದು ಕೋರಿಕೆಯ ನಿಲುಗಡೆ. ಮೊಬೈಲ್ ಆ್ಯಪ್‌ನಲ್ಲಿ ಬರೀ ಹೊರಡುವ ಮತ್ತು ತಲುಪುವ ಸಮಯ ನೋಡಿದರೆ ಈ ವಿಷಯ ಕಣ್ಣಿಗೆ ಬೀಳದೆ ಹೋಗಬಹುದು. ಪ್ರಯಾಣದ ಪೂರ್ತಿ ವಿವರ ತೆರೆದು ನಿಲುಗಡೆಗಳ ಸಾಲನ್ನು ಓದಿ. ಒಂದೇ ಸ್ಟೇಷನ್ನಿಗೆ ಒಂದು ರೈಲು ಕೋರಿಕೆಯ ಮೇಲೆ ನಿಲ್ಲಬಹುದು, ಇನ್ನೊಂದಕ್ಕೆ ಅಲ್ಲಿ ನಿಲುಗಡೆಯೇ ಇಲ್ಲದಿರಬಹುದು. ಕಾರ್ನ್‌ವಾಲ್‌ನ ಕೂಮ್ ಜಂಕ್ಷನ್ ಹಾಲ್ಟ್‌ಗೆ ದಿನಕ್ಕೆ ಬೆರಳೆಣಿಕೆಯ ರೈಲುಗಳಷ್ಟೇ ಬರುತ್ತವೆ. ಡನ್‌ರಾಬಿನ್ ಕ್ಯಾಸಲ್ ಸ್ಟೇಷನ್ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ.

ಹೋಗುವ ರೈಲಿನ ಜೊತೆಗೆ ವಾಪಸ್ ಬರುವ ರೈಲಿನ ಸಮಯವನ್ನೂ ಆಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅನೇಕ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಸ್ಟೇಷನ್‌ಗಳಲ್ಲಿ ಸಿಬ್ಬಂದಿ ಇಲ್ಲ, ಹತ್ತಿರದಲ್ಲಿ ಅಂಗಡಿ ಇಲ್ಲ, ಕೆಲವಕ್ಕೆ ರಸ್ತೆಯೇ ಇಲ್ಲ. ನಾರ್ಫಕ್‌ನ ಬರ್ನಿ ಆರ್ಮ್ಸ್ ಸ್ಟೇಷನ್ನಿಗೆ ಜೌಗುನೆಲದ ಕಾಲುದಾರಿಯಲ್ಲಿ ನಡೆದು ಬರಬೇಕು, ಇಲ್ಲವೇ ದೋಣಿಯಲ್ಲಿ, ಇಲ್ಲವೇ ಇದೇ ರೈಲಿನಲ್ಲಿ. ಇಂಥ ಕಡೆ ಕೊನೆಯ ರೈಲನ್ನೇ ನೆಚ್ಚಿಕೊಂಡು ಇಳಿಯಬೇಡಿ. ಅದಕ್ಕಿಂತ ಹಿಂದಿನದನ್ನು ಗುರಿಯಾಗಿ ಇಟ್ಟುಕೊಂಡರೆ, ಅದು ತಪ್ಪಿದರೂ ಇನ್ನೊಂದು ಇರುತ್ತದೆ.

ಇಂಥ ಸ್ಟೇಷನ್‌ಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಯಂತ್ರ ಇರುವುದಿಲ್ಲ. ಹತ್ತಿದ ಮೇಲೆ ಗಾರ್ಡ್ ಹತ್ತಿರವೇ ಕೊಳ್ಳಬಹುದು. ಮೊದಲೇ ಕೊಂಡಿದ್ದರೆ ಸಿಗ್ನಲ್ ಇರುವಲ್ಲಿಯೇ ಅದನ್ನು ಫೋನಿಗೆ ಇಳಿಸಿಕೊಂಡಿರಿ.

ಇಳಿಯುವವರು ಮಾಡಬೇಕಾದ್ದು

ರೈಲು ಹತ್ತಿ ಸೀಟು ಹಿಡಿದ ಕೂಡಲೇ ಗಾರ್ಡನ್ನು ಹುಡುಕಿ ಹೇಳಿ. ಅಲ್ಲಿಯ ಗಾರ್ಡ್ ನಮ್ಮಲ್ಲಿಯಂತೆ ಕೊನೆಯ ಡಬ್ಬಿಯಲ್ಲಿ ಬಾವುಟ ಹಿಡಿದು ಕೂರುವವರಲ್ಲ. ಟಿಕೆಟ್ ನೋಡುತ್ತಾ ಬೋಗಿಯೊಳಗೆ ಓಡಾಡುತ್ತಿರುತ್ತಾರೆ. ಅವರು ಡ್ರೈವರಿಗೆ ತಿಳಿಸಿದರೆ ಮಾತ್ರ ರೈಲು ನಿಲ್ಲುತ್ತದೆ. ಟಿಕೆಟ್ ಮೇಲೆ ಸ್ಟೇಷನ್ನಿನ ಹೆಸರು ಇದ್ದ ಮಾತ್ರಕ್ಕೆ ಅದು ಕೋರಿಕೆ ಆಗುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ಹೆಸರು ಉಚ್ಚರಿಸಲು ಬರದಿದ್ದರೆ ಟಿಕೆಟ್ ಮೇಲಿನ ಅಕ್ಷರವನ್ನು ಬೆರಳಿಟ್ಟು ತೋರಿಸಿ. ವೇಲ್ಸಿನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ, ‘ಲ್ಲಾನ್’ ಎಂದು ಶುರುವಾಗುವ ಊರುಗಳು ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ.

ಎಷ್ಟು ಮೊದಲು ಹೇಳಬೇಕು? ಕಲ್ರೇನ್ ಮತ್ತು ಇನ್ವರ್‌ಶಿನ್‌ಗಳನ್ನು ನೋಡಿ. ಎರಡರ ನಡುವೆ ಒಂದು ಕಿಲೋಮೀಟರ್ ಕೂಡ ಇಲ್ಲ. ಮಧ್ಯೆ ‘ಕೈಲ್ ಆಫ್ ಸದರ್‌ಲ್ಯಾಂಡ್’ ಎಂಬ ನೀರಿನ ಹರಹು, ಅದರ ಮೇಲೆ ಎತ್ತರದ ಸೇತುವೆ. ರೈಲಿಗೆ ಇದು ಒಂದೆರಡು ನಿಮಿಷದ ದಾರಿ. ಕಲ್ರೇನ್ ದಾಟಿದ ಮೇಲೆ ‘ಇನ್ವರ್‌ಶಿನ್‌ನಲ್ಲಿ ಇಳಿಯಬೇಕು’ ಅಂದರೆ ಗಾರ್ಡ್ ಡ್ರೈವರಿಗೆ ತಿಳಿಸುವಷ್ಟರಲ್ಲಿ ರೈಲು ಸೇತುವೆಯ ಆಚೆಗಿರುತ್ತದೆ. ಉತ್ತರಕ್ಕೆ ಹೋಗುವಾಗ ಈ ಎರಡಕ್ಕೂ ಅವುಗಳ ಹಿಂದಿನ ಆರ್ಡ್‌ಗೇ ಬರುವ ಮೊದಲೇ ಹೇಳಿರಬೇಕು. ಒಂದರ ಬದಲು ಇನ್ನೊಂದರಲ್ಲಿ ಇಳಿದುಬಿಟ್ಟರೆ ಗಾಬರಿ ಬೇಡ. 2000ದಲ್ಲಿ ಆ ಸೇತುವೆಗೇ ಒಂದು ಕಾಲುಹಾದಿ ಜೋಡಿಸಿದ್ದಾರೆ, ನಡೆದೇ ದಾಟಬಹುದು.

ಹೇಳುವಾಗಲೇ ಇನ್ನೊಂದು ಪ್ರಶ್ನೆ ಕೇಳಿ: ‘ಯಾವ ಬಾಗಿಲು?’ ಪ್ಲಾಟ್‌ಫಾರ್ಮ್ ರೈಲಿಗಿಂತ ಗಿಡ್ಡ ಇದ್ದಲ್ಲಿ ಒಂದೇ ಬೋಗಿ, ಕೆಲವೊಮ್ಮೆ ಒಂದೇ ಬಾಗಿಲು ಪ್ಲಾಟ್‌ಫಾರ್ಮಿಗೆ ಸಿಗುತ್ತದೆ. ಆಗ ಗಾರ್ಡ್ ಅದನ್ನಷ್ಟೇ ತೆರೆಯುತ್ತಾರೆ. ಬೇರೆ ಬಾಗಿಲ ಗುಂಡಿ ಎಷ್ಟು ಒತ್ತಿದರೂ ದೀಪ ಹತ್ತುವುದಿಲ್ಲ, ಆ ಒಂದು ನಿಮಿಷದಲ್ಲಿ ಸಾಮಾನು ಹೊತ್ತು ಇನ್ನೊಂದು ಬೋಗಿಗೆ ಓಡುವುದು ಆಗುವ ಮಾತಲ್ಲ. ಸ್ಟೇಷನ್ ಇನ್ನೂ ಐದು ನಿಮಿಷ ಇದೆ ಅನ್ನುವಾಗಲೇ ಅವರು ಹೇಳಿದ ಬಾಗಿಲ ಹತ್ತಿರ ಹೋಗಿ ನಿಲ್ಲಿ. ಹಳೆಯ ಪ್ಲಾಟ್‌ಫಾರ್ಮ್‌ಗಳು ತಗ್ಗಿನಲ್ಲಿವೆ, ಕೆಲವು ಕಡೆ ಮರದ ಮೆಟ್ಟಿಲ ಪೆಟ್ಟಿಗೆ ಇಟ್ಟಿರುತ್ತಾರೆ. ಮಂಡಿನೋವಿನ ಹಿರಿಯರು, ಗಾಲಿಕುರ್ಚಿಯವರು ಜೊತೆಗಿದ್ದರೆ ‘ಪ್ಯಾಸೆಂಜರ್ ಅಸಿಸ್ಟ್’ ಸೇವೆಗೆ ಕನಿಷ್ಠ 2 ಗಂಟೆ ಮೊದಲು ತಿಳಿಸಬೇಕು. ಆ ಸ್ಟೇಷನ್ ಅವರಿಗೆ ಅನುಕೂಲವಾಗಿದೆಯೇ ಎಂದು ಆಗಲೇ ಕೇಳಿಬಿಡುವುದು ಒಳ್ಳೆಯದು.

ಹತ್ತುವವರು ಮಾಡಬೇಕಾದ್ದು

ಹತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿನಲ್ಲಿರಿ. ಮಳೆ ಬರುತ್ತಿದ್ದರೂ ರೈಲು ಬರುವ ಹೊತ್ತಿಗೆ ತಂಗುಗೂಡಿನಿಂದ ಹೊರಗೆ ಬನ್ನಿ. ಗೂಡಿನ ಒಳಗಿರುವವರು ಡ್ರೈವರಿಗೆ ಕಾಣುವುದಿಲ್ಲ. ಹಳದಿ ಗೆರೆಯ ಹಿಂದೆ, ರೈಲು ಬರುವ ದಿಕ್ಕಿಗೆ ಮುಖ ಮಾಡಿ ನಿಂತು, ಎಂಜಿನ್ ಮುಖ ಕಂಡ ಕೂಡಲೇ ಒಂದು ಕೈಯನ್ನು ನೆಟ್ಟಗೆ ಚಾಚಿ. ರೈಲು ನಿಧಾನವಾಗುವುದು ಖಚಿತವಾಗಿ ಕಾಣುವವರೆಗೂ ಕೈ ಇಳಿಸಬೇಡಿ. ಕೆಲವು ಡ್ರೈವರ್‌ಗಳು ಹಾರ್ನ್ ಹೊಡೆದು ‘ನೋಡಿದೆ’ ಎಂದು ತಿಳಿಸುತ್ತಾರೆ.

ಒಂದೇ ಕೈ ಅನ್ನುವುದನ್ನು ಮರೆಯಬೇಡಿ. ಎರಡೂ ಕೈಗಳನ್ನು ತಲೆಯ ಮೇಲೆತ್ತುವುದು ರೈಲ್ವೆಯ ಭಾಷೆಯಲ್ಲಿ ‘ಅಪಾಯ, ನಿಲ್ಲಿಸು’ ಎಂಬ ಸಂಕೇತ. ಬ್ರಿಟನ್ನಿನಲ್ಲೂ ಹಾಗೆಯೇ, ನಮ್ಮ ಭಾರತೀಯ ರೈಲ್ವೆಯ ನಿಯಮದಲ್ಲೂ ಹಾಗೆಯೇ. ಉತ್ಸಾಹದಿಂದ ಎರಡೂ ಕೈ ಬೀಸಿದರೆ ಹಳಿಯ ಮೇಲೆ ಏನೋ ಆಗಿದೆ ಎಂದುಕೊಂಡು ಡ್ರೈವರ್ ತುರ್ತು ಬ್ರೇಕ್ ಹಾಕಬಹುದು, ಒಳಗೆ ನಿಂತವರು ಮುಗ್ಗರಿಸಿ ಬೀಳಬಹುದು. ಕೆಂಪು ಶಾಲು, ಕೆಂಪು ಚೀಲ ಬೀಸುವುದೂ ಬೇಡ. ಕತ್ತಲಾದ ಮೇಲೆ ಪ್ಲಾಟ್‌ಫಾರ್ಮಿನ ದೀಪದ ಕೆಳಗೆ ನಿಂತು, ಹೊಳೆಯುವ ಮೊಬೈಲ್ ಪರದೆಯನ್ನು ಹೊರಮುಖವಾಗಿ ಸ್ಥಿರವಾಗಿ ಹಿಡಿಯಿರಿ. ಟಾರ್ಚನ್ನು ಡ್ರೈವರಿನ ಕಣ್ಣಿಗೆ ಬಿಡಬಾರದು, ಜೋರಾಗಿ ಬೀಸಲೂ ಬಾರದು. ರಾತ್ರಿ ಜೋರಾಗಿ ಬೀಸಿದ ಯಾವ ಬೆಳಕಾದರೂ ಅಪಾಯದ ಸೂಚನೆಯೇ.

ಇಷ್ಟು ಮುಂಚೆ ಏಕೆ ಕೈ ತೋರಿಸಬೇಕು ಅಂದರೆ, ಎರಡು ಬೋಗಿಯ ಸಣ್ಣ ಡೀಸೆಲ್ ರೈಲೂ 70 ಟನ್ನಿಗಿಂತ ಭಾರ. ಗಂಟೆಗೆ 80 ಕಿ.ಮೀ. ವೇಗದಿಂದ ಮಾಮೂಲಿ ಬ್ರೇಕ್‌ನಲ್ಲಿ ನಿಲ್ಲಲು ಅದಕ್ಕೆ ಸುಮಾರು 300ರಿಂದ 400 ಮೀಟರ್ ಬೇಕು. ಅದಕ್ಕೇ ಡ್ರೈವರ್‌ಗಳು ಇಂಥ ಸ್ಟೇಷನ್ ಹತ್ತಿರ ವೇಗ ತಗ್ಗಿಸಿಕೊಂಡು, ಯಾರಾದರೂ ಇದ್ದಾರಾ ಎಂದು ನೋಡುತ್ತಾ ಬರುತ್ತಾರೆ. ಶರತ್ಕಾಲದಲ್ಲಿ ಉದುರಿದ ಎಲೆಗಳು ಚಕ್ರದ ಕೆಳಗೆ ಅರೆದು ಹಳಿ ಜಾರತೊಡಗಿದಾಗ ಇನ್ನೂ ದೂರದಿಂದಲೇ ಬ್ರೇಕ್ ಹಾಕಬೇಕಾಗುತ್ತದೆ. ತಿರುವಿನ ಬದಿಯ ಸ್ಟೇಷನ್ ಆದರಂತೂ ಅವರು ನಿಮ್ಮನ್ನು ನೋಡುವುದೇ ಕೊನೆ ಗಳಿಗೆಯಲ್ಲಿ. ಪ್ಲಾಟ್‌ಫಾರ್ಮಿನ ಯಾವ ಭಾಗ ದೂರದಿಂದ ಕಾಣುತ್ತದೆ ಎಂದು ನಡೆದು ನೋಡಿ, ಅಲ್ಲೇ ನಿಲ್ಲಿ.

ಗುಂಡಿ ಒತ್ತುವ ಸ್ಟೇಷನ್‌ಗಳು

ಯಾರೂ ಇಲ್ಲದಿದ್ದರೂ ಪ್ರತಿ ಸಲ ವೇಗ ತಗ್ಗಿಸಿ ಮತ್ತೆ ಏರಿಸುವುದರಲ್ಲಿ ಸಮಯವೂ ಹೋಗುತ್ತದೆ, ಡೀಸೆಲ್ಲೂ ಹೋಗುತ್ತದೆ. ಸಿಂಗಲ್ ಲೈನಿನಲ್ಲಿ ಒಂದು ರೈಲು ತಡವಾದರೆ ಕ್ರಾಸಿಂಗ್‌ಗೆ ಕಾಯುವ ಎದುರು ರೈಲೂ ತಡವಾಗುತ್ತದೆ. ಇದಕ್ಕೆ ಪರಿಹಾರವಾಗಿ ಫಾರ್ ನಾರ್ತ್ ಲೈನಿನಲ್ಲಿ 2022ರಲ್ಲಿ ಸ್ಕಾಟ್ಸ್‌ಕಾಲ್ಡರ್‌ನಿಂದ ಶುರುಮಾಡಿ ಪ್ಲಾಟ್‌ಫಾರ್ಮಿನಲ್ಲೇ ಕಿಯೋಸ್ಕ್, ಅಂದರೆ ಗುಂಡಿಯಿರುವ ಯಂತ್ರ, ಅಳವಡಿಸಲಾಯಿತು. ಹತ್ತುವವರು ಅದರ ಗುಂಡಿ ಒತ್ತಿದರೆ ಕೋರಿಕೆ ರೇಡಿಯೊ ಮೂಲಕ ಡ್ರೈವರಿನ ಮುಂದಿನ ಪರದೆಗೆ ಹೋಗುತ್ತದೆ.

ರೇಡಿಯೊ ಅಲ್ಲಿ ಮೊದಲೇ ಇತ್ತು, ಅದಕ್ಕೂ ಹಿನ್ನೆಲೆ ಇದೆ. 1978ರ ಜನವರಿಯ ಹಿಮಬಿರುಗಾಳಿಗೆ ಈ ಮಾರ್ಗದ ತಂತಿ ಕಂಬಗಳು ಉರುಳಿದವು. ನಮ್ಮ ಸಿಂಗಲ್ ಲೈನ್‌ಗಳಲ್ಲಿ ಮುಂದೆ ಹೋಗಲು ಅನುಮತಿಯ ಗುರುತಾಗಿ ಬೆತ್ತದ ಬಳೆಯೊಳಗೆ ಟೋಕನ್ ಗುಂಡು ಇಟ್ಟು ಡ್ರೈವರಿಗೆ ಕೊಡುತ್ತಿದ್ದರಲ್ಲ, ಅಂಥದ್ದೇ ಟೋಕನ್ ಅಲ್ಲಿಯೂ ಇತ್ತು, ಅದರ ಯಂತ್ರಗಳು ಆ ತಂತಿಗಳನ್ನೇ ನಂಬಿದ್ದವು. ಕಂಬ ಮತ್ತೆ ನೆಡುವ ಬದಲು ಆ ಟೋಕನ್ನನ್ನೇ ರೇಡಿಯೊದಲ್ಲಿ ಕಳಿಸುವ ಪದ್ಧತಿ 1980ರ ದಶಕದಲ್ಲಿ ಬಂತು. ಕಿಯೋಸ್ಕ್‌ನ ಗುಂಡಿ ಇದೇ ಜಾಲದ ಮೇಲೆ ಕೆಲಸ ಮಾಡುತ್ತದೆ.

ಕಿಯೋಸ್ಕ್ ಬಳಸುವಾಗ ಅದರ ಮೇಲಿನ ಸೂಚನೆ ಪೂರ್ತಿ ಓದಿ, ನೀವು ಹೋಗುವ ದಿಕ್ಕಿನ ರೈಲನ್ನೇ ಆರಿಸಿ, ಕೋರಿಕೆ ತಲುಪಿತೆಂಬ ಉತ್ತರ ಕಂಡ ಮೇಲೆ ಪಕ್ಕಕ್ಕೆ ಬನ್ನಿ. ರೈಲು ಎದುರಿಗೆ ಬಂದ ಮೇಲೆ ಒತ್ತಿ ಪ್ರಯೋಜನವಿಲ್ಲ. ಗುಂಡಿ ಒತ್ತಿದ್ದರೂ ಪ್ಲಾಟ್‌ಫಾರ್ಮಿನಲ್ಲಿ ಕಾಣುವಂತೆ ನಿಲ್ಲಿ, ಯಂತ್ರ ಕೆಟ್ಟಿದ್ದರೆ ಕೈಯೇ ಗತಿ. ಇಳಿಯುವವರಿಗೆ ಕಿಯೋಸ್ಕ್‌ನಿಂದ ಏನೂ ಬದಲಾಗಿಲ್ಲ, ಗಾರ್ಡಿಗೆ ಹೇಳಲೇಬೇಕು.

ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಲ್ಲಿ ಕೈ ತೋರಿಸುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಅಲ್ಲಿ ಪ್ಲಾಟ್‌ಫಾರ್ಮಿನಲ್ಲೊಂದು ಗುಂಡಿ, ಬೋಗಿಯ ಬಾಗಿಲ ಬಳಿ ಇನ್ನೊಂದು. ಒಳಗಿನ ಗುಂಡಿಯನ್ನು ಹಿಂದಿನ ಸ್ಟೇಷನ್ ಬಿಟ್ಟ ಮೇಲೆ ಒತ್ತಬೇಕು.

ರೈಲು ನಿಲ್ಲದೆ ಹೋದರೆ

ಒಳಗಿದ್ದೀರಿ, ನಿಮ್ಮ ಸ್ಟೇಷನ್ ದಾಟಿತು ಅಂದುಕೊಳ್ಳಿ. ಅಪಾಯದ ಹಿಡಿಕೆಗೆ ಕೈ ಹಾಕಬೇಡಿ, ಕಾರಣವಿಲ್ಲದೆ ಎಳೆದರೆ ದಂಡ ಬೀಳುತ್ತದೆ. ತಕ್ಷಣ ಗಾರ್ಡಿಗೆ ತಿಳಿಸಿ. ವಾಪಸ್ ರೈಲಿನಲ್ಲಿ ಬರುವುದು ಸುಲಭವೋ, ಮುಂದಿನ ಊರಿನಲ್ಲಿ ಬೇರೆ ವಾಹನ ಸಿಗುತ್ತದೆಯೋ ಎಂಬುದು ಅವರಿಗೆ ಗೊತ್ತಿರುತ್ತದೆ.

ಹೊರಗಿದ್ದು ರೈಲು ದಾಟಿಹೋದರೆ ಮೊದಲು ನೋಡಬೇಕಾದ್ದು, ಅದು ನಿಮ್ಮ ರೈಲೇ ಹೌದೇ ಎಂದು. ಸಿಂಗಲ್ ಲೈನಿನಲ್ಲಿ ಎರಡೂ ದಿಕ್ಕಿನ ರೈಲುಗಳು ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ, ತಡವಾಗಿ ಓಡುತ್ತಿದ್ದರೆ ಹಿಂದುಮುಂದೂ ಆಗಿರುತ್ತದೆ. ನಿಮ್ಮದೇ ಆಗಿದ್ದರೆ ಪ್ಲಾಟ್‌ಫಾರ್ಮಿನಲ್ಲಿರುವ ಸಹಾಯ ಕೇಂದ್ರದ ಮಾಹಿತಿ ಗುಂಡಿ ಒತ್ತಿ ಮಾತಾಡಿ. ಅದಿಲ್ಲದಲ್ಲಿ ಸೂಚನಾ ಫಲಕದ ದೂರವಾಣಿ ಸಂಖ್ಯೆಗೆ ಕರೆ ಮಾಡಿ. ಸ್ಟೇಷನ್ ಹೆಸರು, ರೈಲಿನ ಸಮಯ, ಎಷ್ಟು ಜನ ಇದ್ದೀರಿ, ಈ ಮೂರನ್ನು ಮೊದಲು ಹೇಳಿ. ಅಲ್ಲಿಂದ ಕದಲುವ ಮುಂಚೆ ಮುಂದಿನ ರೈಲಿನ ಡ್ರೈವರಿಗೆ ನೀವು ಕಾಯುತ್ತಿರುವುದನ್ನು ತಿಳಿಸುವಂತೆ ಕೇಳಿಕೊಳ್ಳಿ. ಆ ರೈಲು ಬರುವಾಗಲೂ ಗೂಡಿನಿಂದ ಹೊರಗೆ ಬಂದು ಕೈ ಚಾಚಬೇಕು.