ಕನೆಹಲಗೆಯ ನೀರು ನಿಲ್ಲಿಸಿದ್ದು ಹೇಗೆ: ನನ್ನ ಅನುಭವ

ಕಂಬಳದ ಡಯೋರಾಮಾ (ಒಂದು ದೃಶ್ಯದ ಪುಟ್ಟ ಮಾದರಿ) ಮಾಡ್ತೇನೆ, ಅದೂ ಕನೆಹಲಗೆದು ಅಂದಾಗ ಮಾಡೆಲಿಂಗ್ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ರು, "ಕೋಣ ಮಾಡ್ಬಹುದು, ಓಡಿಸುವವನನ್ನೂ ಮಾಡ್ಬಹುದು, ಆ ನೀರು ನಿಲ್ಲುದಿಲ್ಲ ಮಾರಾಯ, ಸುಮ್ನೆ ಹಗ್ಗದ ಓಟ ಮಾಡು." ಕಂಬಳದ ಹಗ್ಗ, ನೇಗಿಲು, ಅಡ್ಡಹಲಗೆ ವಿಭಾಗದಲ್ಲಿ ಯಾರು ಮುಂದೆ ಅಂತ ನೋಡುದು, ಕನೆಹಲಗೆಯಲ್ಲಿ ಓಡಿಸುವವ ನಿಲ್ಲುವ ಹಲಗೆಯ ತೂತಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ತಾಗ್ಬೇಕು, ಎತ್ತರ ಆರೂವರೆ ಕೋಲು, ಏಳೂವರೆ ಕೋಲು ಅಂತ ಲೆಕ್ಕ (ಕೋಲು ಅಂದ್ರೆ ಊರಿನ ಹಳೇ ಅಳತೆ). ನೀರೇ ಇಲ್ಲದಿದ್ರೆ ಮಾಡುದು ಯಾಕೆ? ಈಗ ನನ್ನದು ಮಾಡಿ ಒಂದು ಇಡೀ ಮಳೆಗಾಲ ಕಳೆದಿದೆ, ಒಂದು ಹನಿ ಸಹ ಬಗ್ಗಿಲ್ಲ.

ಸ್ಕೇಲ್ 1/32, ಅಂದ್ರೆ ಅಸಲಿನ ಮೂವತ್ತೆರಡರಲ್ಲಿ ಒಂದು ಪಾಲು. ಕೋಣಗಳಿಗೆ ತಂತಿ, ಫಾಯಿಲ್, ಮೇಲಿಂದ ಎಂ-ಸೀಲ್. ವಿದೇಶಿ ಪುಟ್ಟಿಗೆ ಸಾವಿರಗಟ್ಟಲೆ ಹಾಕುವವರು ಒಮ್ಮೆ ಎಂ-ಸೀಲ್ ಟ್ರೈ ಮಾಡಿ, ಸ್ವಲ್ಪ ಸ್ವಲ್ಪವೇ ಕಲಸ್ಬೇಕು, ಬೆರಳಿಗೆ ನೀರು ಮುಟ್ಟಿಸ್ತಾ ಇರ್ಬೇಕು ಅಷ್ಟೆ. ಬಣ್ಣದಲ್ಲಿ ಬರೀ ಕಪ್ಪು ಹೊಡೆದ್ರೆ ಮೈಯ ಉಬ್ಬುತಗ್ಗು ಎಲ್ಲ ಸತ್ತುಹೋಗ್ತದೆ. ಕಪ್ಪಿಗೆ ಬರ್ನ್ಟ್ ಅಂಬರ್ (ಗಾಢ ಕಂದು) ಸೇರಿಸಿ, ಭುಜಕ್ಕೂ ಬೆನ್ನಿಗೂ ನೀಲಿ ಬೂದಿಯ ಹೈಲೈಟ್ ಕೊಟ್ಟು, ಕೊನೆಗೆ ಸ್ಯಾಟಿನ್ ವಾರ್ನಿಶ್. ನನ್ನ ಕೋಣಗಳ ಮೈ ನೋಡಿದ್ರೆ ಈಗಷ್ಟೇ ಮಂಜೊಟ್ಟಿ (ಓಟ ಮುಗಿಯುವ ಕಡೆಯ ದಿಬ್ಬ) ಹತ್ತಿದ ಹಾಗೆ ಹೊಳಿತದೆ, ಇದನ್ನು ನಾನೇ ಹೇಳ್ತೇನೆ.

ಕರೆಯ (ಕೋಣ ಓಡುವ ಗದ್ದೆಯ) ಕೆಸರಿಗೆ ಊರಿನ ತೋಟದ ಮಣ್ಣು, ಹಳೇ ಬಾಣಲೆಯಲ್ಲಿ ಹುರಿದು (ಇಲ್ಲದಿದ್ರೆ ಬೂಸ್ಟು ಬರ್ತದೆ), ಚಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು ಫೆವಿಕಾಲ್ ಜೊತೆ ಕಲಸಿದ್ದು. ಅದರ ಮೇಲೆ ಕಂದು ಬಣ್ಣ ಬೆರೆಸಿದ ಎಪಾಕ್ಸಿ, ತೆಳ್ಳಗೆ ಎರಡು ಪದರ. ಅಡಿಯಲ್ಲಿ ತರ್ಮಾಕೋಲ್ ಇಟ್ಟವರು ಪಾಲಿಯೆಸ್ಟರ್ ರೆಸಿನ್ ಹತ್ತಿರಕ್ಕೂ ತರ್ಬೇಡಿ, ಕರಗಿಸಿ ಹಾಕ್ತದೆ.

ಇನ್ನು ಚಿಮ್ಮುವ ನೀರು. ದುಡ್ಡು ಹೋದದ್ದೆಲ್ಲ ಇಲ್ಲಿ. ಹತ್ತಿಗೆ ರೆಸಿನ್ ಕುಡಿಸಿದ್ರೆ ಹೊಗೆ ಬಂದ ಹಾಗೆ ಕಂಡಿತು. ಗಾಳದ ನೈಲಾನ್ ದಾರ ಸುರುಳಿ ಬಿಡುದಿಲ್ಲ, ಅದಕ್ಕೆ ಜೆಲ್ ಸಹ ಹಿಡಿಯುದಿಲ್ಲ. ವಿದೇಶಿ ಸ್ಪ್ಲಾಶ್ ಜೆಲ್ ಸಣ್ಣ ಬಾಟ್ಲಿಗೇ 1,400 ರೂಪಾಯಿ ಚಿಲ್ಲರೆ ಕೊಟ್ಟ ನೆನಪು, ಹಚ್ಚಿದ ರಾತ್ರಿ ಚಂದ ನಿಂತಿತ್ತು, ಬೆಳಿಗ್ಗೆ ನೋಡಿದ್ರೆ ಎಲ್ಲ ಜಾರಿ ಕೋಣದ ಕಾಲಡಿ ಗುಡ್ಡೆ.

ಆವಾಗ ತಲೆಗೆ ಬಂದದ್ದು, ಹೇಗಿದ್ರೂ ಜೆಲ್ ಕೆಳಗೇ ಇಳಿಯುದು ಅಲ್ವಾ, ಹಾಗಾದ್ರೆ ಬೇಸನ್ನೇ ತಲೆಕೆಳಗೆ ಮಾಡಿದ್ರೆ ಅದು ನೀರು ಹಾರುವ ದಿಕ್ಕಿಗೇ ಇಳಿತದೆ. ಹಳೇ ಸಿಡಿ ಡಬ್ಬಿಯ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಮಾಡಿ ಮೇಣದಬತ್ತಿ ಶಾಖದಲ್ಲಿ ಕೂದಲೆಳೆಗೆ ಎಳೆದೆ, ಹಲಗೆ ಹಿಂದೆ ಬೀಸಣಿಗೆ ಥರ ನೆಟ್ಟೆ. ಅಂಟಿಗೆ ಎಪಾಕ್ಸಿಯೇ ಬೇಕು, ಸೂಪರ್ ಗ್ಲೂ ಹಾಕಿದ್ರೆ ಪ್ಲಾಸ್ಟಿಕ್ ಬಿಳಿ ಮಂಜು ಕಟ್ತದೆ. ಆಮೇಲೆ ಎರಡು ಕುರ್ಚಿ ಮಧ್ಯೆ ಇಡೀ ಬೇಸನ್ನು ಉಲ್ಟಾ ಕೂರಿಸಿ ಗ್ಲಾಸ್ (gloss) ಹೆವಿ ಜೆಲ್, ಅಂದ್ರೆ ಹೊಳಪಿನ ದಪ್ಪ ಅಕ್ರಿಲಿಕ್ ಜೆಲ್, ಬುಡದಿಂದ ತುದಿಗೆ ಎಳೆದು ಬಿಟ್ಟೆ. ತುದಿಯಲ್ಲಿ ಹನಿ ತಾನಾಗೇ ಜೋತು ಚೂಪಾಗಿ ಒಣಗ್ತದೆ, ತಿರುಗಿಸಿ ಇಟ್ಟಾಗ ನೋಡ್ಬೇಕು ನೀವು, ಹದಿನೇಳು ಹದಿನೆಂಟು ಸೆಂಟಿಮೀಟರ್ ಎತ್ತರಕ್ಕೆ ನೀರು ನಿಶಾನೆಗೆ ಹೊಡೆದ ಹಾಗೇ ಉಂಟು! ಕೋಟ್ ತೆಳ್ಳಗಿರ್ಲಿ, ನಾಲ್ಕೈದು ಆಗ್ತದೆ, ಒಂದು ಕೋಟಿಗೆ ಒಂದು ರಾತ್ರಿ, ಫ್ಯಾನ್ ಹಾಕಿ. ದಪ್ಪ ಬಳಿದ್ರೆ ಒಳಗೆ ಹಾಲು ಬಣ್ಣ ಹೋಗುದೇ ಇಲ್ಲ.

ಇನ್ನೊಂದು, ಕಂಬಳದ ನೀರು ಗಾಜಿನಷ್ಟು ತಿಳಿ ಇರುದಿಲ್ಲ. ಬುಡದಲ್ಲಿ ಕೆಸರು ಕಂದು, ಮೇಲೆ ಹೋಗ್ತಾ ತಿಳಿ, ತುದಿಗೆ ಮಾತ್ರ ಬಿಳಿ. 2023ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನೋಡಿದವರಿಗೂ ಇದು ಗೊತ್ತಿರ್ತದೆ. ತುದಿಯ ಸಿಡಿದ ಹನಿಗೆ ಜೆಲ್ಲಲ್ಲಿ ಏನು ಬೆರೆಸಿದ್ದು ಅಂತ ಈಗ ಹೇಳುದಿಲ್ಲ, ಸ್ಪರ್ಧೆ ಒಂದು ಮುಗಿಲಿ.

ನಿಶಾನೆ ಟಿಶ್ಯೂ ಪೇಪರಿಗೆ ನೀರು ಫೆವಿಕಾಲ್ ಕುಡಿಸಿದ್ದು. ದಂಡೆ ಹುಲ್ಲಿಗೆ ತೆಂಗಿನ ನಾರು ಕತ್ತರಿಸಿ ಹಸಿರು ಹೊಡೆದು ನೋಡಿದೆ, ಈ ಸ್ಕೇಲಿಗೆ ದಪ್ಪ ಆಯ್ತು, 75 ಎಂ.ಎಂ. ಎತ್ತರದ ದೊಡ್ಡ ಫಿಗರ್ ಮಾಡುವವರಿಗೆ ಆಗ್ಬಹುದು.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು, ಅರ್ಧಕ್ಕರ್ಧ ಹಾಳಾದ ಪ್ರಯೋಗಕ್ಕೇ. ಹದಿನೈದು ಸಾವಿರಕ್ಕೆ ಒಬ್ರು ಕೇಳಿದ್ರು, ಕೊಡ್ಲಿಲ್ಲ. ಗಾಜಿನ ಕೇಸ್ ಮಾಡಿಸುವವರು ಹಿಂದೆ ನಾಲ್ಕು ತೂತು ಇಡ್ಸಿ, ಜೆಲ್ಲಿಗೆ ಗಾಳಿ ಬೇಕು.